ಡಿಸ್ಪೋಸ್ ಆಗದ ಕಂಟ್ರೋಲರ್

ಗುಂಡ್ಲುಪೇಟೆ ಬಸ್ ನಿಲ್ದಾಣದ ಕಂಟ್ರೋಲರ್ ಪುಟ್ಟಮಾದುವನ್ನು ಕೊಲ್ಲುವ ಯೋಚನೆ ಗಂಗಾಧರಸ್ವಾಮಿಗೆ ಎಂದೂ ಬಂದಿರಲಿಲ್ಲ. ಆ ಹೆಸರಿನವನೊಬ್ಬ ಅಲ್ಲಿ ಕುಳಿತು ಬಸ್ಸುಗಳ ಹೊತ್ತು ಬರೆದುಕೊಂಡು ಮೈಕಿನಲ್ಲಿ ಕೂಗುತ್ತಾನೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಆದರೂ ಶ್ರಾವಣದ ಆ ಮಧ್ಯಾಹ್ನದ ಹೊತ್ತಿಗೆ ಅರ್ಧ ಗುಂಡ್ಲುಪೇಟೆ ಅವನನ್ನು ಕೊಲೆಗಾರನೆಂದು ನಂಬಿತ್ತು. ಉಳಿದರ್ಧಕ್ಕೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ, ಅಷ್ಟೇ.

ಗಂಗಾಧರಸ್ವಾಮಿಯದು ಚಾಮರಾಜನಗರದಲ್ಲಿ ಜೆರಾಕ್ಸ್ ಅಂಗಡಿ. ಅರ್ಜಿ ಟೈಪ್ ಮಾಡಿಕೊಡುವುದು, ಪಹಣಿ ತೆಗೆದುಕೊಡುವುದು, ಪಾಸ್‌ಪೋರ್ಟ್ ಫೋಟೋದಲ್ಲಿ ಗಿರಾಕಿಗಳ ಮುಖ ಸ್ವಲ್ಪ ಬೆಳ್ಳಗೆ ಮಾಡಿಕೊಡುವುದು, ಇಷ್ಟರಲ್ಲೇ ನೆಮ್ಮದಿಯಾಗಿದ್ದ. ಹೋದ ವರ್ಷ ಅದೇನು ಗ್ರಹಚಾರವೋ, ಮೊಬೈಲ್ ಆ್ಯಪ್ ಮಾಡುವುದನ್ನು ಕಲಿಸುವ ಆನ್‌ಲೈನ್ ಕೋರ್ಸಿಗೆ ಸೇರಿಕೊಂಡ. ಒಮ್ಮೆ ಬರೆದರೆ ಸಾಕು, ಅದೇ ಆ್ಯಪು ಆಂಡ್ರಾಯ್ಡಿನಲ್ಲೂ ಓಡುತ್ತದೆ, ಐಫೋನಿನಲ್ಲೂ ಓಡುತ್ತದೆ ಎಂದು ಕೋರ್ಸಿನವರು ಹೇಳಿದ್ದು ಅವನಿಗೆ ಬಹಳ ಹಿಡಿಸಿತು. ಒಮ್ಮೆ ತಪ್ಪು ಮಾಡಿದರೂ ಅದು ಎರಡರಲ್ಲೂ ಓಡುತ್ತದೆ ಎಂಬುದನ್ನು ಅವರು ಹೇಳಿರಲಿಲ್ಲ. ಕೋರ್ಸನ್ನು ಅವನು ಮುಗಿಸಿದ. ಮುಗಿಸಿದ ಎಂದರೆ ಕೊನೆಯ ಕೆಲವು ಪಾಠಗಳನ್ನು ಬಿಟ್ಟು ಮುಗಿಸಿದ. ತೆರೆದ ಪೇಜನ್ನು ಮುಚ್ಚಿದ ಮೇಲೆ ಒಳಗೆ ಏನೇನು ಸ್ವಚ್ಛ ಮಾಡಬೇಕು ಎಂಬುದು ಆ ಬಿಟ್ಟ ಪಾಠಗಳಲ್ಲೇ ಇತ್ತು.

ಮಾರನೆಯ ದಿನವೇ ಅಂಗಡಿಯ ಬೋರ್ಡಿನಲ್ಲಿ ‘ಸ್ಪೈರಲ್ ಬೈಂಡಿಂಗ್ ಮಾಡಿಕೊಡಲಾಗುವುದು’ ಎಂಬುದರ ಮೇಲೆ ‘ಜಿ. ಗಂಗಾಧರಸ್ವಾಮಿ, ಮೊಬೈಲ್ ಆ್ಯಪ್ ಇಂಜಿನಿಯರ್’ ಎಂದು ಬಂತು. ಈ ಬೋರ್ಡನ್ನು ನೋಡಿ ಯಾರೂ ಒಳಗೆ ಬರಲಿಲ್ಲ. ಆದರೆ ಅದರ ಫೋಟೋ ಗುಂಡ್ಲುಪೇಟೆಯಲ್ಲಿದ್ದ ಮಾವ ಗುರುಮಲ್ಲಪ್ಪನವರ ಫೋನಿಗೆ ಹೋಯಿತು. ಗುರುಮಲ್ಲಪ್ಪನವರು ಹೂ ಬೆಳೆಗಾರರ ಸಂಘದ ಅಧ್ಯಕ್ಷರು. ಇಪ್ಪತ್ತು ವರ್ಷದಿಂದ ಅಳಿಯನನ್ನು ‘ಜೆರಾಕ್ಸ್ ಇಟ್ಕಂಡವ್ರೆ’ ಎಂದು ತಗ್ಗಿದ ದನಿಯಲ್ಲಿ ಪರಿಚಯಿಸುತ್ತಿದ್ದವರು, ಯಾರದೋ ಗೃಹಪ್ರವೇಶದ ಪಂಕ್ತಿಯಲ್ಲಿ ‘ನಮ್ಮಳಿಯಂದ್ರು, ಇಂಜಿನಿಯರು’ ಎಂದು ಎಲೆಯಿಂದ ಎಲೆಗೆ ಕೇಳುವಂತೆ ಹೇಳಿದರು. ಪಾಯಸದ ಹೊತ್ತಿಗೆ ಯಾರೋ, ದಿನದ ಹೂವಿನ ರೇಟು ಫೋನಿನಲ್ಲೇ ಕಾಣುವ ಹಾಗಿದ್ದರೆ ಚೆನ್ನಾಗಿತ್ತು ಎಂದರು. ಗಂಗಾಧರಸ್ವಾಮಿ ಪಾಯಸ ಉಣ್ಣುವುದನ್ನು ನಿಲ್ಲಿಸಿ, “ಅದೇನ್ ಮಹಾ, ಮಾಡ್ಕೊಡ್ತೀನಿ ಬುಡಿ” ಎಂದುಬಿಟ್ಟ. ಅವನ ಸಂಕಟಕ್ಕೆಲ್ಲ ಈ ಒಂದು ವಾಕ್ಯವೇ ಕಾರಣ.

ಆ್ಯಪಿಗೆ ‘ಹೂ ಬೆಲೆ’ ಎಂದು ಹೆಸರಿಟ್ಟ. ಚೆಂಡುಹೂವು, ಸೇವಂತಿಗೆ, ಸುಗಂಧರಾಜ, ಕನಕಾಂಬರ, ಯಾವುದನ್ನು ಒತ್ತಿದರೂ ಅದರ ಪೇಜು ತೆರೆದು ಅಂದಿನ ರೇಟು ಕಾಣುತ್ತಿತ್ತು. ಇಷ್ಟಕ್ಕೆ ಬಿಟ್ಟಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಮಾವನವರು ನೋಡಿ, “ಹೂವು ಸುಮ್ಕೆ ಕುಂತದಲ್ಲ ಅಳಿಮಯ್ಯ, ಒಸಿ ತಿರುಗ್ಲಿ” ಎಂದರು. ತಿರುಗಿಸಿದ. ಸುಗಂಧರಾಜವನ್ನು ತಿರುಗಿಸಿದ್ದಲ್ಲದೆ ಗಾಳಿಗೆ ತೂಗುವಂತೆಯೂ ಮಾಡಿದ.

ಸಂಘದ ಸಭೆಯಲ್ಲಿ ಆ್ಯಪನ್ನು ತೋರಿಸಬೇಕಾದ ದಿನ ಬೆಳಿಗ್ಗೆ ಫೋನನ್ನು ಹೆಂಡತಿ ಮಂಗಳಗೌರಿಯ ಕೈಗೆ ಕೊಟ್ಟ. ಅಲ್ಲಿಯವರೆಗೆ ಅವನು ಮಾಡಿದ್ದ ಪರೀಕ್ಷೆ ಎಂದರೆ ಒಮ್ಮೆ ತೆರೆಯುವುದು, ಹೂವು ತಿರುಗುವುದನ್ನು ನೋಡಿ ಸಂತೋಷಪಡುವುದು, ಮುಚ್ಚುವುದು. ಮಂಗಳಗೌರಿ ಹಾಗಲ್ಲ. ಸೀರೆ ಅಂಗಡಿಗೆ ಹೋದವಳಂತೆ ಚೆಂಡು ತೆಗೆದಳು, ಬಿಟ್ಟಳು, ಸೇವಂತಿಗೆ ತೆಗೆದಳು, ಬಿಟ್ಟಳು, ಮತ್ತೆ ಚೆಂಡಿಗೇ ಬಂದಳು.

“ರೀ, ಇದು ಸುಡ್ತಾ ಅದೆ. ಮೇಲೆ ಹಪ್ಪಳ ಇಟ್ರೆ ಅರಳ್ತದೆ.”

“ಹೊಸ ಆ್ಯಪು. ಮೊದ್‌ಮೊದ್ಲು ಹಂಗೇಯ.”

ಅಷ್ಟರಲ್ಲಿ ಚೆಂಡುಹೂವು ಅರ್ಧ ತಿರುಗಿ ನಿಂತಿತು. ಪರದೆ ಕಪ್ಪಾಯಿತು. ಮಂಗಳಗೌರಿ ಫೋನನ್ನು ಸೆರಗಿನಲ್ಲಿ ಹಿಡಿದು ಗಂಡನ ಕೈಗೆ ದಾಟಿಸಿದಳು.

“ನಮ್ಮಪ್ಪ ಊರಿಗೆಲ್ಲಾ ಹೇಳ್ಕಂಡವ್ರೆ ಕಣ್ರೀ. ತೆರಕಣಾಂಬಿ ಕಡೆಯಿಂದೆಲ್ಲಾ ಜನ ಬತ್ತಾರಂತೆ. ಸಭೇಲಿ ಹಿಂಗೇನಾರ ಆದ್ರೆ ಎದೆ ಹಿಡ್ಕಂಡು ಕುಂತ್‌ಬುಡ್ತಾರೆ.”

ಗಂಗಾಧರಸ್ವಾಮಿಯ ತಮ್ಮನ ಮಗಳು ಕಾವ್ಯಶ್ರೀ ಬದನಗುಪ್ಪೆಯ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದಳು, ಇಂಥದ್ದರಲ್ಲೆಲ್ಲ ಪಳಗಿದವಳು. ತಾನು ಬರೆದದ್ದನ್ನೆಲ್ಲ ಅವಳಿಗೆ ಕಳಿಸಿ, “ಬೇಗ ನೋಡಿ ಹೇಳು ಕಣಮ್ಮಿ, ಇಲ್ಲಾಂದ್ರೆ ನಿನ್ ದೊಡ್ಡಪ್ಪನ್ ಕತೆ ಮುಗೀತು” ಎಂದು ಸಂದೇಶ ಹಾಕಿದ. ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದ. ಅದೇ ಬ್ಯಾಗಿನ ತಳದಲ್ಲಿ ಮಂಗಳಗೌರಿ ತನ್ನ ಅಪ್ಪನಿಗೆಂದು ನಿಂಬೆಕಾಯಿ ಉಪ್ಪಿನಕಾಯಿಯ ಬಾಟಲಿಯನ್ನು ಇಟ್ಟಿದ್ದಳು. ಮುಚ್ಚಳ ಭದ್ರವಾಗಿತ್ತು ಎಂದು ಅವಳು ಈಗಲೂ ವಾದಿಸುತ್ತಾಳೆ.

ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತದ್ದು ಸಣ್ಣತಾಯಮ್ಮ ಎಂಬ ಮುದುಕಿ. ಗುಂಡ್ಲುಪೇಟೆಯ ಆಚೆ ಒಂದು ತುಂಡು ಹೊಲದಲ್ಲಿ ಚೆಂಡುಹೂವು ಹಾಕಿದ್ದಳು; ಚಂದಕವಾಡಿಯಲ್ಲಿದ್ದ ಮಗಳ ಮನೆಯಿಂದ ವಾಪಸಾಗುತ್ತಿದ್ದಳು. ಬಸ್ಸು ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಕಾವ್ಯಶ್ರೀಯ ಫೋನು ಬಂತು.

“ದೊಡ್ಡಪ್ಪ, ನಿಮ್ಮ ಆ್ಯಪಲ್ಲಿ ಮೆಮೊರಿ ಲೀಕ್ ಅದೆ,” ಎಂದಳು.

ಅವಳು ಹೇಳಿದ್ದರ ಸಾರಾಂಶ ಇಷ್ಟು: ಹೂವು ತಿರುಗಬೇಕಾದರೆ ಅದನ್ನು ತಿರುಗಿಸಲು ಆ್ಯಪಿನೊಳಗೆ ಕಂಟ್ರೋಲರ್ ಎಂಬುದೊಂದು ಇರುತ್ತದೆ. ಪೇಜು ಮುಚ್ಚುವಾಗ ಅದನ್ನು ಡಿಸ್ಪೋಸ್ ಮಾಡಬೇಕು, ಎಂದರೆ ‘ಇನ್ನು ನಿನ್ನ ಕೆಲಸವಿಲ್ಲ, ಹೊರಡು’ ಎಂದು ಹೇಳಿ ಕಳಿಸಬೇಕು. ಹೇಳದಿದ್ದರೆ ಅದು ಮದುವೆ ಮುಗಿದರೂ ಛತ್ರ ಬಿಡದ ನೆಂಟರ ಹಾಗೆ ಒಳಗೇ ಉಳಿದು, ಯಾರಿಗೂ ಕಾಣದ ಹೂವನ್ನು ತಿರುಗಿಸುತ್ತಲೇ ಇರುತ್ತದೆ. ಪೇಜನ್ನು ಮತ್ತೆ ತೆರೆದರೆ ಮತ್ತೊಂದು ಕಂಟ್ರೋಲರ್ ಬಂದು ಸೇರಿಕೊಳ್ಳುತ್ತದೆ. ಹೀಗೆ ಸೇರಿ ಸೇರಿ ಫೋನಿನಲ್ಲಿ ಜಾಗವಿಲ್ಲದಂತಾಗಿ, ಬಿಸಿಯೇರಿ, ಕೊನೆಗೆ ಎಲ್ಲವೂ ನಿಂತುಹೋಗುತ್ತದೆ. ತುಂಬಿಹೋಗುವುದಕ್ಕೆ ಸೋರುವುದು ಎಂದು ಯಾಕೆ ಹೆಸರಿಟ್ಟರೋ, ಇಟ್ಟವರನ್ನೇ ಕೇಳಬೇಕು.

ಇದೆಲ್ಲ ಕಾವ್ಯಶ್ರೀ ಹೇಳಿದ್ದು, ಗಂಗಾಧರಸ್ವಾಮಿಯೊಬ್ಬನಿಗೇ ಕೇಳಿಸಿದ್ದು. ಬಸ್ಸಿಗೆ ಕೇಳಿಸಿದ್ದು ಅವನು ಆಡಿದ ಮಾತುಗಳು ಮಾತ್ರ. ರಸ್ತೆ ಕೆಟ್ಟಿತ್ತು, ಬಸ್ಸು ಗಡಗಡ ಎನ್ನುತ್ತಿತ್ತು, ಆದ್ದರಿಂದ ಗಟ್ಟಿಯಾಗಿಯೇ ಆಡಿದ.

“ಇಲ್ಲ ಕಣಮ್ಮಿ, ಕಂಟ್ರೋಲರ್‌ನ ಡಿಸ್ಪೋಸ್ ಮಾಡೇ ಇಲ್ಲ. ಹಂಗೇ ಬುಟ್‌ಬುಟ್ಟೆ. ಒಳ್ಗೇ ಬಿದ್ದದೆ.”

ಸಣ್ಣತಾಯಮ್ಮ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

“ಒಂದಲ್ಲ ಕಣಮ್ಮಿ, ಎಷ್ಟ್ ಬಿದ್ದವೋ ಲೆಕ್ಕ ಇಟ್ಟಿಲ್ಲ. ಬೆಳಿಗ್ಗೆ ನಿಮ್ಮ ದೊಡ್ಡಮ್ಮ ಬೇರೆ ಒಂದಷ್ಟು ಸೇರಿಸ್ಬುಟ್ಲು.”

ಮುಂದಿನ ಸೀಟಿನವರು ಹಿಂದಕ್ಕೆ ತಿರುಗಿದರು.

“ಮಾವನಿಗೆ ಗೊತ್ತಾದ್ರೆ ನಾನ್ ಉಳಿಯಲ್ಲ. ಅವ್ರು ನೋಡೋ ಮುಂಚೇನೇ ಎಲ್ಲಾನೂ ಡಿಸ್ಪೋಸ್ ಮಾಡ್‌ಬುಡ್ಬೇಕು. ಗುಂಡ್ಲುಪೇಟೆ ಸ್ಟ್ಯಾಂಡಲ್ಲೇ ಕುಂತು ಕೆಲ್ಸ ಮುಗಿಸ್ತೀನಿ. ಬೇಕಾದ್ದೆಲ್ಲಾ ಬ್ಯಾಗಲ್ಲೇ ಅದೆ. ಲೀಕ್ ಆಯ್ತಾ ಅದಲ್ಲಾ, ಅದೇ ಭಯ.”

ಬಸ್ಸಿನ ಕಣ್ಣುಗಳೆಲ್ಲ ಬ್ಯಾಗಿನ ಮೇಲೆ ಬಿದ್ದವು. ಸರಿಯಾಗಿ ಆಗಲೇ ಬ್ಯಾಗಿನ ಮೂಲೆಯಿಂದ ಕೆಂಪಗಿನ ದಪ್ಪ ಹನಿಯೊಂದು ಇಳಿದು ಸಣ್ಣತಾಯಮ್ಮನ ಕಾಲ ಬಳಿ ಬಿತ್ತು. ಅವಳು ತನ್ನ ವಯಸ್ಸಿಗೆ ಒಪ್ಪದ ವೇಗದಲ್ಲಿ ಎದ್ದು ಕಂಡಕ್ಟರನ ಹತ್ತಿರ ಹೋದಳು.

“ಕಂಡಕ್ಟ್ರಪ್ಪಾ, ಡಿಸ್ಪೋಸ್ ಅಂದ್ರೆ ಏನಪ್ಪ?”

“ಸಾಗಾಕೋದು ಕಣಜ್ಜಿ. ಯಾಕೆ?”

“ಆ ಯಪ್ಪ ಕಂಟ್ರೋಲರ್‌ನ ಸಾಗಾಕ್ಬೇಕು ಅಂತಾವ್ನೆ. ಒಳ್ಗೇ ಬಿದ್ದದಂತೆ.”

“ಬೇರೆ ಏನಾರ ಇರ್ಬೋದು ಬುಡಜ್ಜಿ.”

“ಬಿದ್ದವ್ನೆ ಅಂದಿದ್ರೆ ನಾನೂ ಸುಮ್ಕಿರ್ತಿದ್ದೆ ಕಣಪ್ಪ. ಬಿದ್ದದೆ ಅಂದ. ಉಸ್ರಾಡೋ ಮನ್ಸನ್ನ ಯಾರಾರ ಬಿದ್ದದೆ ಅಂತಾರಾ?”

ವ್ಯಾಕರಣದ ಈ ವಾದ ಕೇಳಿ ಕಂಡಕ್ಟರನೂ ಬ್ಯಾಗಿನ ಕಡೆ ಕತ್ತು ನೀಡಿ ನೋಡಿದ. ಅಲ್ಲಿಂದ ಮುಂದೆ ಗಂಗಾಧರಸ್ವಾಮಿಯ ಸುತ್ತಲ ಸೀಟುಗಳು ಒಂದೊಂದಾಗಿ ಖಾಲಿಯಾದವು. ತೆರಕಣಾಂಬಿಯಲ್ಲಿ ಹತ್ತಿದವರು ಕೂಡ ಅವನ ಪಕ್ಕ ಖಾಲಿ ಸೀಟು ಬಿಟ್ಟು ನಿಂತುಕೊಂಡೇ ಬಂದರು. ಜನ ಇತ್ತೀಚೆಗೆ ನಯ ಕಲಿತಿದ್ದಾರೆ ಎಂದು ಅವನು ಅಂದುಕೊಂಡ. ಅಂದುಕೊಂಡು ಮತ್ತೆ ಬೆವರಿದ, ಸಭೆ ಹತ್ತಿರವಾಗುತ್ತಿತ್ತು.

ಗುಂಡ್ಲುಪೇಟೆ ನಿಲ್ದಾಣದಲ್ಲಿ ಇಳಿದವನೇ ಮೂಲೆಯ ಬೆಂಚಿನಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದ. ಕಂಡಕ್ಟರ್ ಎಂದಿನಂತೆ ಕಂಟ್ರೋಲರ್ ಕೋಣೆಗೆ ಹೋದ. ಸಣ್ಣತಾಯಮ್ಮ ಅವನ ಬೆನ್ನಿಗೇ ಹೋದಳು. ಕೋಣೆಯಲ್ಲಿ ಪುಟ್ಟಮಾದು ಇರಲಿಲ್ಲ. ಕುರ್ಚಿ ಇತ್ತು, ಕನ್ನಡಕ ಇತ್ತು, ಕೆನೆಗಟ್ಟಿದ ಅರ್ಧ ಲೋಟ ಟೀ ಇತ್ತು. ಹಾಕಿದ ಮೈಕನ್ನು ಯಾರೂ ಆರಿಸಿರಲಿಲ್ಲ.

“ಅಯ್ಯಯ್ಯೋ!” ಎಂದು ಇಡೀ ನಿಲ್ದಾಣದ ಮೇಲೆ ಒಂದು ದನಿ ಎದ್ದಿತು. “ನಾನ್ ಹೇಳ್ಲಿಲ್ವಾ ಕಂಡಕ್ಟ್ರಪ್ಪಾ! ಕಂಟ್ರೋಲರ್‌ನ ಮುಗಿಸ್‌ಬುಟ್ಟವ್ನೆ! ಕನ್ನಡಕ ಬುಟ್ಟು ಎಲ್ಲಾನೂ ಸಾಗಾಕ್‌ಬುಟ್ಟವ್ನೆ!”

ಮೈಸೂರು, ಊಟಿ, ಸುಲ್ತಾನ್ ಬತ್ತೇರಿ ಬಸ್ಸುಗಳಿಗೆ ಕಾಯುತ್ತಿದ್ದವರೆಲ್ಲ ತಮ್ಮ ಬಸ್ಸಿನ ಪ್ರಕಟಣೆ ಇರಬೇಕೆಂದು ಕಿವಿಗೊಟ್ಟಿದ್ದರು. ಕನ್ನಡ ಪೂರ್ತಿ ಅರ್ಥವಾಗದ ಮಲಯಾಳಿ ಹೂವಿನ ವ್ಯಾಪಾರಿಯೊಬ್ಬ, ಬತ್ತೇರಿ ಬಸ್ಸು ರದ್ದಾಯಿತೇ ಎಂದು ಕೇಳುತ್ತ ಓಡಾಡಿದ. ಮಿಕ್ಕವರು ಕೋಣೆಯ ಕಡೆಗೆ ನುಗ್ಗಿದರು. ಗಂಗಾಧರಸ್ವಾಮಿಗೂ ಗದ್ದಲ ಕೇಳಿಸಿತು. ಬೆಂಚು ಪೂರ್ತಿ ಖಾಲಿಯಾಯಿತಲ್ಲ ಎಂದು ಕಾಲು ಮಡಚಿ ಅನುಕೂಲವಾಗಿ ಕುಳಿತ. ಪೊಲೀಸರು ಬಂದು ಎರಡೂ ರಟ್ಟೆ ಹಿಡಿದಾಗ ಅವನು ಚೆಂಡುಹೂವಿನ ಪೇಜಿನ ತುದಿಯಲ್ಲಿ ಮೊದಲ ಸಾಲು ಬರೆಯುತ್ತಿದ್ದ.

ಠಾಣೆಯಲ್ಲಿ ಸಬ್‌ಇನ್‌ಸ್ಪೆಕ್ಟರ್ ಕುಮಾರಿಯವರು ಬಂದು ಎದುರು ಕುಳಿತಾಗ ಅವನ ಮನಸ್ಸಿನಲ್ಲಿದ್ದದ್ದು ಒಂದೇ: ವಿಷಯ ಮಾವನಿಗೆ ತಿಳಿದಿದೆ, ಅವರು ದೂರು ಕೊಟ್ಟಿದ್ದಾರೆ. ಕೆಟ್ಟ ಆ್ಯಪು ಮಾಡಿದವರನ್ನು ಪೊಲೀಸರು ಹಿಡಿಯುವಷ್ಟು ಕಾನೂನು ಮುಂದುವರಿದಿದೆ ಎಂಬುದು ಅವನಿಗೆ ಹೊಸ ವಿಷಯವಾಗಿದ್ದರೂ, ನ್ಯಾಯವಾಗಿಯೇ ಕಂಡಿತು. ಎಲ್ಲವನ್ನೂ ಒಪ್ಪಿಕೊಂಡುಬಿಡುವುದೇ ಸರಿ ಎಂದು ನಿರ್ಧರಿಸಿದ.

“ಕಂಟ್ರೋಲರ್ ಎಲ್ಲಿ?” ಎಂದು ಕುಮಾರಿಯವರು ಕೇಳಿದರು.

“ಚೆಂಡುಹೂವಿನ ಒಳಗೆ ಮೇಡಂ.”

“ಯಾರ ಚೆಂಡುಹೂವು?”

“ಎಲ್ಲಾರ್ದೂವೆ ಮೇಡಂ. ಸಂಘದ ಎಲ್ಲಾ ರೈತರ್ದೂ.”

ಕುಮಾರಿಯವರ ಪೆನ್ನು ನಿಂತಿತು. “ಎಲ್ಲರ ಹೊಲದಲ್ಲೂನಾ?”

“ಸೇವಂತಿಗೇಲೂ ಅದೆ ಮೇಡಂ. ಸುಗಂಧರಾಜದಲ್ಲಿ ಎರಡವೆ.”

ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಗೋಡೆ ಹಿಡಿದುಕೊಂಡ. ಕುಮಾರಿಯವರು ದನಿ ತಗ್ಗಿಸಿ ಕೇಳಿದರು, “ನಿಮಗೆ ಹೀಗೆ ಮಾಡೋಕೆ ಯಾರು ಹೇಳಿದ್ದು?”

“ಮಾವನೋರು ಮೇಡಂ. ಅವ್ರದ್ದೇನೂ ತಪ್ಪಿಲ್ಲ. ಒಸಿ ತಿರುಗ್ಲಿ ಅಂದ್ರು, ಅಷ್ಟೇಯ. ಮಾಡಿದ್ದೆಲ್ಲಾ ನಾನೇ. ಮುಗಿದ್ ಮೇಲೆ ಡಿಸ್ಪೋಸ್ ಮಾಡ್ಬೇಕು ಅನ್ನೋದು ಗೊತ್ತಿರ್ಲಿಲ್ಲ.”

“ಮನೇಲಿ ಯಾರಿಗೂ ಅನುಮಾನ ಬರಲಿಲ್ವಾ?”

“ಹೆಂಡ್ತಿ ಇವತ್ತು ಬೆಳಿಗ್ಗೆ ಕಂಡಿಡಿದ್ಲು. ಮುಟ್ಟಿದ್ರೆ ಬಿಸಿ ಇತ್ತು.”

“ಬಿಸಿ ಇತ್ತಾ!”

“ಮೇಡಂ, ಇದ್ಕೆ ಜೈಲಾಯ್ತದಾ?”

“ಇದಕ್ಕಾಗದೆ ಇನ್ಯಾವುದಕ್ಕೆ ಆಗುತ್ತೆ ರೀ?”

ಗಂಗಾಧರಸ್ವಾಮಿ ಅಳುವುದೊಂದು ಬಾಕಿ. “ಕೊನೇ ಪಾಠಗಳ್ನ ನೋಡ್ಬೇಕಾಗಿತ್ತು ಮೇಡಂ. ಅಲ್ಲೇ ಹೇಳ್ಕೊಟ್ಟಿದ್ರಂತೆ.”

“ಇದಕ್ಕೆ ಪಾಠ ಬೇರೆ ಇದೆಯಾ?”

“ಆನ್‌ಲೈನಲ್ಲೇ ಅದೆ ಮೇಡಂ. ಫ್ರೀ.”

ಕುಮಾರಿಯವರು ನೀರು ಕುಡಿದರು. ಕಾನ್‌ಸ್ಟೇಬಲ್ ಲಾಠಿಯ ತುದಿಯಿಂದ ಬ್ಯಾಗನ್ನು ತೆರೆದು, ಮೂಗು ಮುಂದೆ ಮಾಡಿ, ಹಿಂದೆ ಮಾಡಿ, ಮತ್ತೆ ಮುಂದೆ ಮಾಡಿದ. “ಮೇಡಂ, ಇದು ನಿಂಬೇಕಾಯಿ,” ಎಂದ. ಆದರೆ ಉಪ್ಪಿನಕಾಯಿ ಒಯ್ಯುವವನು ಕೊಲೆ ಮಾಡಬಾರದೆಂದು ನಿಯಮವೇನೂ ಇರಲಿಲ್ಲ.

ಅಷ್ಟರಲ್ಲಿ ಪುಟ್ಟಮಾದುವಿನ ಹೆಂಡತಿ ಮೂಗಮ್ಮ ಎದೆ ಬಡಿದುಕೊಂಡು ಬಂದಳು. “ನನ್ ಬಂಗಾರದಂತಾ ಗಂಡ! ಒಂದ್ ದಿನ ನಂಗೆ ಎದ್ರು ಮಾತಾಡ್ಲಿಲ್ಲ! ಇವತ್ತು ಉಪ್ಪಿಟ್ಟು ಸೀದೋಗಿದ್ರೂ ಉಂಡ್ಕಂಡು ಹೋದ್ನಲ್ಲಪ್ಪಾ!” ಎಂದು ಕೂಗುತ್ತ ಗಂಗಾಧರಸ್ವಾಮಿಯ ಮೇಲೆ ಬೀಳಲು ಹೋದವಳನ್ನು ಇಬ್ಬರು ಹಿಡಿದುಕೊಂಡರು. ಗಂಗಾಧರಸ್ವಾಮಿಗೆ ಈ ಹೆಂಗಸು ಯಾರೆಂದು ತಿಳಿಯಲಿಲ್ಲ. ತನ್ನ ಆ್ಯಪು ಹೇಗೋ ಹೂವಿನ ರೇಟು ತಪ್ಪಾಗಿ ತೋರಿಸಿ ಯಾರದೋ ಸಂಸಾರ ಹಾಳಾಗಿದೆ ಎಂದುಕೊಂಡು, “ಕ್ಷಮ್ಸಿ ತಾಯಿ, ಸಂಜೆ ಒಳಗೆ ಸರಿ ಮಾಡ್ಕೊಡ್ತೀನಿ” ಎಂದ. ಅವಳು ಇನ್ನಷ್ಟು ಜೋರಾಗಿ ಅತ್ತಳು.

ಅವಳ ಹಿಂದೆಯೇ ಗುರುಮಲ್ಲಪ್ಪನವರು ಸಂಘದ ಸದಸ್ಯರೊಂದಿಗೆ ಬಂದರು. ಸಭೆಗೆಂದು ಇಸ್ತ್ರಿ ಮಾಡಿಸಿದ ಬಿಳಿ ಪಂಚೆ, ಹಣೆಯಲ್ಲಿ ಗಟ್ಟಿ ವಿಭೂತಿ. ಮೀಟಿಂಗ್ ಹಾಲ್‌ನಲ್ಲಿ ಕುಳಿತಿದ್ದವರೆಲ್ಲ ಅಧ್ಯಕ್ಷರ ಹಿಂದೆಯೇ ಎದ್ದುಬಂದಿದ್ದರಿಂದ ಠಾಣೆಯ ಕಿಟಕಿಗಳು ತಲೆಗಳಿಂದ ತುಂಬಿದವು.

“ಮೇಡಂ, ನಮ್ಮಳಿಯಂದ್ರು ಇಂಜಿನಿಯರು. ಇರುವೇನೂ ತುಳ್ದವ್ರಲ್ಲ,” ಎಂದು ಅವರು ಗಟ್ಟಿಯಾಗಿ ಹೇಳಿದರು. ಆಮೇಲೆ ಅಳಿಯನ ಕಿವಿಯ ಹತ್ತಿರ ಬಾಗಿ, “ಮಾಡ್‌ಬುಟ್ಟಿದ್ರೆ ನನ್ ಹತ್ರ ಹೇಳ್‌ಬುಡಿ ಅಳಿಮಯ್ಯ. ಮೈಸೂರಿಂದ ಲಾಯರ್ ಕರುಸ್ತೀನಿ. ನಾನಿವ್ನಿ, ಹೆದರ್ಬೇಡಿ,” ಎಂದರು.

ಇಪ್ಪತ್ತು ವರ್ಷದಲ್ಲಿ ಮಾವ ಇಷ್ಟು ಹತ್ತಿರ ಬಂದು ಮಾತಾಡಿದ್ದು ಅದೇ ಮೊದಲು. ದೂರು ಕೊಟ್ಟವರು ಇವರಲ್ಲ ಎಂದು ಗಂಗಾಧರಸ್ವಾಮಿಗೆ ಆಗ ತಿಳಿಯಿತು. ಇನ್ನು ಮುಚ್ಚಿಡಲಾರದೆ ಹೇಳಿಬಿಟ್ಟ:

“ಮಾವ, ಆ್ಯಪ್ ನಡೀತಿಲ್ಲ.”

ಗುರುಮಲ್ಲಪ್ಪನವರು ಕೈಗೆ ಸಿಕ್ಕ ಬೆಂಚಿನ ಮೇಲೆ ಕುಳಿತರು. ಕಿಟಕಿಯ ತಲೆಗಳ ಕಡೆ ಒಮ್ಮೆ ನೋಡಿ, ಪಿಸುಗುಟ್ಟಿದರು, “ಕೊಲೆ ಆಗಿದ್ರೆ ಹೆಂಗೋ ನಿಬಾಯಿಸ್ಬೋದಿತ್ತು ಕಣ್ರೀ. ಇದನ್ನ ಈ ಜನದ ಮುಂದೆ ಹೆಂಗ್ರೀ ಹೇಳನ?”

ಆಗ ಮೇಜಿನ ಮೇಲಿದ್ದ ಗಂಗಾಧರಸ್ವಾಮಿಯ ಫೋನು ಹೊಡೆದುಕೊಂಡಿತು. ಕುಮಾರಿಯವರು ಎತ್ತಿ ಸ್ಪೀಕರಿಗೆ ಹಾಕಿದರು.

“ದೊಡ್ಡಪ್ಪ, ಕಂಟ್ರೋಲರ್‌ನ ಡಿಸ್ಪೋಸ್ ಮಾಡಿದ್ರಾ?” ಎಂದಳು ಕಾವ್ಯಶ್ರೀ. “ಒಂದನ್ನೂ ಉಳಿಸ್ಬೇಡಿ. ಸುಗಂಧರಾಜದಲ್ಲಿ ಎರಡವೆ, ಒಂದನ್ನ ಮುಗ್ಸಿ ಇನ್ನೊಂದನ್ನ ಮರ್ತೀರಾ.”

ಕಿಟಕಿಗಳಿಂದ ‘ಶಿವಶಿವಾ’ ಎಂಬ ಉದ್ಗಾರ ಬಂತು.

“ಎಲ್ಲಿಂದಮ್ಮ ಮಾತಾಡ್ತಿರೋದು ನೀನು?” ಎಂದರು ಕುಮಾರಿಯವರು.

“ಬದನಗುಪ್ಪೆಯಿಂದ. ನೀವ್ಯಾರು?”

“ಗುಂಡ್ಲುಪೇಟೆ ಪೊಲೀಸ್ ಸ್ಟೇಷನ್.”

ಆ ಕಡೆಯಿಂದ ಅಳುಕಿದ ದನಿ ಬಂತು, “ಫೋನ್ ಬ್ಲಾಸ್ಟ್ ಆಗೋಯ್ತಾ ಮೇಡಂ? ದೊಡ್ಡಪ್ಪಂಗೆ ಏನೂ ಆಗಿಲ್ಲ ತಾನೇ?”

ಕುಮಾರಿಯವರು ಬುದ್ಧಿವಂತರು. ಸತ್ತವನನ್ನು ಬಿಟ್ಟು ಫೋನಿನ ಆರೋಗ್ಯ ವಿಚಾರಿಸುವ ಕೊಲೆಗಾರರನ್ನು ಅವರು ಈವರೆಗೆ ಕಂಡಿರಲಿಲ್ಲ. ನಿಧಾನವಾಗಿ ಒಂದೊಂದೇ ಪ್ರಶ್ನೆ ಕೇಳಿದರು. ಕಂಟ್ರೋಲರ್ ಎಂದರೆ ಮನುಷ್ಯನಲ್ಲ, ಹೂವು ತಿರುಗಿಸುವ ಒಂದು ಭಾಗ, ಪೇಜು ಮುಚ್ಚಿದ ಮೇಲೂ ಹೋಗದೆ ಒಳಗೆ ಉಳಿದುಕೊಂಡಿದೆ ಎಂದು ಕಾವ್ಯಶ್ರೀ ಬಿಡಿಸಿ ಹೇಳಿದಳು. ಗಂಗಾಧರಸ್ವಾಮಿ ಬಾಯಿ ತೆರೆದು ಒಬ್ಬೊಬ್ಬರ ಮುಖವನ್ನೇ ನೋಡುತ್ತ ಹೋದ. ತನ್ನನ್ನು ಹಿಡಿದದ್ದು ಕೊಲೆಗಾಗಿ ಎಂಬುದು ಅವನ ತಲೆಗೆ ಹೋದದ್ದು ಆಗಲೇ.

“ಸರಿ,” ಎಂದರು ಕುಮಾರಿಯವರು. “ಆದರೆ ನಮ್ಮ ಕಂಟ್ರೋಲರ್ ಎಲ್ಲಿ?”

ಉತ್ತರ ಬಾಗಿಲ ಕಡೆಯಿಂದ ಬಂತು. ಜನರನ್ನು ಸರಿಸಿಕೊಂಡು, ಕೊರಳಿಗೆ ಬಿಳಿ ಬಟ್ಟೆ ಸುತ್ತಿದ, ತಲೆಗೆಲ್ಲ ಕಪ್ಪು ಬಣ್ಣ ಮೆತ್ತಿಸಿಕೊಂಡ ಒಬ್ಬ ಮನುಷ್ಯ ಒಳಗೆ ನುಗ್ಗಿದ. ಬಣ್ಣ ಕಿವಿಯ ಹಿಂದೆ ಇಳಿಯುತ್ತಿತ್ತು. ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ ಸುತ್ತ ನೋಡಿ, “ಯಾರೋ ಕಂಟ್ರೋಲರ್‌ನ ಕೊಂದಾಕ್‌ಬುಟ್ರಂತಲ್ಲಾ, ಯಾವ್ ಡಿಪೋದವ್ನಪ್ಪಾ ಪಾಪ?” ಎಂದು ಕೇಳಿದ.

ಪುಟ್ಟಮಾದು ಎರಡು ಬಸ್ಸಿನ ಮಧ್ಯೆ ಬಿಡುವು ನೋಡಿಕೊಂಡು ಪಕ್ಕದ ಸಲೂನಿಗೆ ಹೋಗಿದ್ದ. ಬಣ್ಣ ಒಣಗುವುದರೊಳಗೆ ಸುದ್ದಿ ಅಲ್ಲಿಗೂ ಬಂದು, ಸಲೂನಿನವನನ್ನೂ ಕರೆದುಕೊಂಡು ಓಡಿಬಂದಿದ್ದ.

ಮೂಗಮ್ಮ ಅಳು ನಿಲ್ಲಿಸಿದಳು. ಗಂಡನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ತಲೆಯ ಹತ್ತಿರ ಬಂದಾಗ ದನಿ ವಾಪಸು ಬಂತು. “ಮನೇಲಿ ನಾನು ತಲೆನೋವು ಅಂತ ಮಲ್ಗಿದ್ರೆ ಮಾತ್ರೆ ತರಕೆ ಪುರ್ಸೊತ್ತಿಲ್ಲ, ಇಲ್ಲಿ ಮದ್ವೆ ಗಂಡಿನಂಗೆ ಬಣ್ಣ ಬಳ್ಸ್ಕಳ್ಳಕೆ ಪುರ್ಸೊತ್ತಾಯ್ತದಾ ನಿಂಗೆ? ನಡೀಲಾ ಮನೆಗೆ!”

ಬಂಗಾರದಂತಹ ಗಂಡ ಒಂದು ಮಾತೂ ಎದುರಾಡದೆ ಅವಳ ಹಿಂದೆ ಹೊರಟ. ಹೊರಗೆ ಮೈಸೂರು ಬಸ್ಸೊಂದು ಹೊರಡಲು ಅಪ್ಪಣೆ ಸಿಗದೆ ಹಾರನ್ನು ಹೊಡೆಯುತ್ತಲೇ ಇತ್ತು.

ಕೊಲೆ ಇಲ್ಲ ಎಂದಾದ ಮೇಲೆ ಉಳಿದದ್ದು ಆ್ಯಪು. ಸಂಘದವರ ಪೈಕಿ ಒಬ್ಬರು ಕಿಟಕಿಯ ಸರಳು ಹಿಡಿದು, “ಅಧ್ಯಕ್ಷರೇ, ಇನ್ನೇನ್ ಹಾಲ್‌ಗೆ ವಾಪಸ್ ಹೋಗನ? ಇಲ್ಲೇ ತೋರಿಸ್ಬುಡ್ಲಿ” ಎಂದರು. ಗುರುಮಲ್ಲಪ್ಪನವರು ಮೇಲಿನ ಫ್ಯಾನನ್ನು ನೋಡುತ್ತ ಕುಳಿತರು. ಅವರ ಪಂಚೆಯ ಇಸ್ತ್ರಿ ಎಲ್ಲ ಮುದುಡಿತ್ತು.

“ಮಾಡಿ ರೀ,” ಎಂದರು ಕುಮಾರಿಯವರು. “ಇಷ್ಟೆಲ್ಲಾ ಆದ ಮೇಲೆ ಆ ಕಂಟ್ರೋಲರ್ ನನ್ನ ಕಣ್ಣೆದುರಿಗೇ ಡಿಸ್ಪೋಸ್ ಆಗಬೇಕು.”

ಠಾಣೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆಯಿತು. ಕಾವ್ಯಶ್ರೀ ಫೋನಿನಲ್ಲೇ ಸಾಲು ಹೇಳುತ್ತಿದ್ದಳು, ಗಂಗಾಧರಸ್ವಾಮಿ ಒಂದೊಂದೇ ಅಕ್ಷರ ಒತ್ತುತ್ತಿದ್ದ. ಚೆಂಡುಹೂವಿಗೆ ಒಂದು, ಸೇವಂತಿಗೆಗೆ ಒಂದು. ಕನಕಾಂಬರದಲ್ಲಿ ಒಂದು ಆವರಣ ಚಿಹ್ನೆ ಬಿಟ್ಟ. ಪರದೆಯ ತುಂಬ ಕೆಂಪು ಅಕ್ಷರ ಬಂತು. ಕೆಂಪು ಕಂಡ ಕಾನ್‌ಸ್ಟೇಬಲ್ ಮತ್ತೆ ಗೋಡೆ ಹಿಡಿದುಕೊಂಡ. “ದೊಡ್ಡಪ್ಪ, ಸೂಪರ್‌ವೈಸರ್ ಬತ್ತಾವ್ರೆ, ಬೇಗ,” ಎಂದಳು ಕಾವ್ಯಶ್ರೀ. ಆವರಣ ಹಾಕಿದ. ಸುಗಂಧರಾಜದಲ್ಲಿ ಒಂದನ್ನು ಮುಗಿಸಿ ಇನ್ನೊಂದನ್ನು ಮರೆತ. “ಎರಡು ಅಂದಿದ್ರಲ್ರೀ!” ಎಂದು ಕುಮಾರಿಯವರೇ ಗದರಿದರು. ಅದನ್ನೂ ಮುಗಿಸಿ, ಹೊಸ ಆ್ಯಪು ಸಿದ್ಧವಾಗಿ ತಂತಿಯ ಮೂಲಕ ಫೋನಿಗೆ ಇಳಿಯುವವರೆಗೆ ಠಾಣೆಯಲ್ಲಿ ಯಾರೂ ಕೆಮ್ಮಲಿಲ್ಲ. ಗಂಗಾಧರಸ್ವಾಮಿ ಮನಸ್ಸಿನಲ್ಲೇ ಮಾದಪ್ಪನಿಗೆ ಹರಕೆ ಹೊತ್ತ. ತನ್ನ ಬೋರ್ಡನ್ನು ತೆಗೆಸಿಬಿಡುವುದಾಗಿಯೂ ಸೇರಿಸಿದ.

ಫೋನು ಮೊದಲು ಕುಮಾರಿಯವರ ಕೈಗೆ ಹೋಯಿತು. ತೆರೆದರು, ಮುಚ್ಚಿದರು. ಕಾನ್‌ಸ್ಟೇಬಲ್ ತೆರೆದ, ಮುಚ್ಚಿದ. ಅದು ಕಿಟಕಿಯಿಂದ ಹೊರಗೆ ಹೋಗಿ, ಕೈಯಿಂದ ಕೈಗೆ ದಾಟಿ, ಹಾಳಾಗಲೇಬೇಕು ಎಂದು ಹಟ ತೊಟ್ಟವರಂತೆ ಒತ್ತಿದವರನ್ನೆಲ್ಲ ತಡೆದುಕೊಂಡು, ಬಾಗಿಲಿನಿಂದ ಒಳಗೆ ಬಂತು. ಹೂವು ತಿರುಗುತ್ತಲೇ ಇತ್ತು. ಕುಮಾರಿಯವರು ಫೋನಿನ ಬೆನ್ನನ್ನು ಕೆನ್ನೆಗೆ ಒತ್ತಿ ನೋಡಿದರು, ಜ್ವರದ ಮಗುವಿನ ಹಣೆ ನೋಡುವ ಹಾಗೆ.

“ತಣ್ಣಗಿದೆ,” ಎಂದರು.

ಜನ ಚಪ್ಪಾಳೆ ತಟ್ಟಿದರು. ಗುರುಮಲ್ಲಪ್ಪನವರು ಫ್ಯಾನಿನಿಂದ ಕಣ್ಣಿಳಿಸಿ, ಎದ್ದು, ಪಂಚೆ ಕೊಡವಿ, ಅಳಿಯನ ಹೆಗಲ ಮೇಲೆ ಕೈ ಇಟ್ಟರು. “ನೀವಿನ್ನು ಹೋಗಬಹುದು,” ಎಂದು ಕುಮಾರಿಯವರು ಗಂಗಾಧರಸ್ವಾಮಿಗೆ ಹೇಳಿದರು. ಬೆಳಗಿನಿಂದ ಮೊದಲ ಬಾರಿಗೆ ಅವನು ಪೂರ್ತಿ ಉಸಿರು ತೆಗೆದುಕೊಂಡ.

ಸಾಕ್ಷಿ ಹೇಳಲು ಬಂದು ಮೂಲೆಯಲ್ಲಿ ಕುಳಿತಿದ್ದ ಸಣ್ಣತಾಯಮ್ಮನ ಕೈಗೆ ಫೋನು ಎಲ್ಲರಿಗಿಂತ ಕೊನೆಗೆ ಹೋಯಿತು. ಅವಳು ಚೆಂಡುಹೂವಿನ ಪೇಜನ್ನು ಬಹಳ ಹೊತ್ತು ನೋಡಿದಳು. ಹೂವಿನ ಕೆಳಗಿದ್ದ ಅಂಕಿಯ ಮೇಲೆ ಬೆರಳಿಟ್ಟು ಒತ್ತಿದಳು. ಮತ್ತೆ ಒತ್ತಿದಳು. ಪರದೆಯನ್ನು ಸೆರಗಿನಿಂದ ಒರೆಸಿ ಇನ್ನೊಮ್ಮೆ ಒತ್ತಿದಳು.

“ಎಲ್ಲಾ ಚೆಂದಾಗಿ ಅದೆ ಕಣ್ ಮಗ,” ಎಂದಳು. “ಈ ರೇಟು ಹೂವು ಕೀಳೋ ಕೂಲಿಗೂ ಆಗಲ್ಲ. ಇದನ್ನ ಏರ್ಸಕೆ ಎಲ್ಲಿ ಒತ್ಬೇಕು?”

ಕಿಟಕಿಯ ತಲೆಗಳೆಲ್ಲ ಗಂಗಾಧರಸ್ವಾಮಿಯ ಕಡೆ ತಿರುಗಿದವು. ಅವುಗಳಲ್ಲಿ ಒಂದೂ ನಗುತ್ತಿರಲಿಲ್ಲ. ಎಲ್ಲರಿಗೂ ಅದೇ ಬೇಕಾಗಿತ್ತು, ಕೇಳಲು ನಾಚಿಕೊಂಡಿದ್ದರು ಅಷ್ಟೇ.

ಮಾತಾಡಿದ್ದು ಗುರುಮಲ್ಲಪ್ಪನವರು. ಅಳಿಯನ ಹೆಗಲನ್ನು ಬಲವಾಗಿ ಒತ್ತಿ, ಸಭೆಯ ದನಿಯಲ್ಲಿ ಹೇಳಿದರು:

“ಅದೇನ್ ದೊಡ್ಡ ಕೆಲ್ಸ! ಬರೋ ಮೀಟಿಂಗಿಗೆ ಅದೂ ಆಯ್ತದೆ. ನಮ್ಮಳಿಯಂದ್ರು ಮಾಡ್ಕೊಡ್ತಾರೆ.”

ಈ ಸಲದ ಚಪ್ಪಾಳೆ ಬಸ್ ನಿಲ್ದಾಣದವರೆಗೂ ಕೇಳಿಸಿತಂತೆ. ಜನ ಗಂಗಾಧರಸ್ವಾಮಿಗೆ ದಾರಿ ಬಿಟ್ಟು ನಿಂತರು. ಅವನು ಬಾಗಿಲನ್ನೂ, ಬಾಗಿಲಾಚೆ ಕಾಯುತ್ತಿದ್ದ ಸಂತೋಷದ ಮುಖಗಳನ್ನೂ ಒಮ್ಮೆ ನೋಡಿ, ಸಬ್‌ಇನ್‌ಸ್ಪೆಕ್ಟರ್ ಕುಮಾರಿಯವರ ಕಡೆಗೆ ತಿರುಗಿದ.

“ಮೇಡಂ,” ಎಂದು ಮೆಲ್ಲಗೆ ಕೇಳಿದ, “ನಾನ್ ಇನ್ನೂ ಒಸಿ ಹೊತ್ತು ಇಲ್ಲೇ ಕುಂತಿರ್ಬೋದಾ?”